ಬಳ್ಳಾರಿ ಬಿಸಿಲು ಗೊತ್ತಿಲ್ಲದ ವಾಚು: ಎರಡು ಬೇಸಿಗೆ ಕಟ್ಟಿಕೊಂಡವನ ಮಾತು

ಈ ಸ್ಮಾರ್ಟ್‌ವಾಚಿನ ಬ್ಯಾಟರಿ, ಡಿಸ್‌ಪ್ಲೇ ಎಲ್ಲ ಬೇರೆ ರಿವ್ಯೂಗಳಲ್ಲಿ ನೀವು ಆಗಲೇ ನೋಡಿರುತ್ತೀರಿ, ಬಿಡಿ. ನಾನು 9 ಸಾವಿರ ಕೊಟ್ಟಿದ್ದು ಒಂದೇ ಒಂದು ನಂಬರಿಗೆ, ವಿಓ2 ಮ್ಯಾಕ್ಸ್. ಮೈಮುರಿದು ದುಡಿದಾಗ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋ ಲೆಕ್ಕ ಅದು.

ದಿನಾ ಬೆಳಿಗ್ಗೆ ಐದೂವರೆಗೆ ಕೋಟೆ ಗುಡ್ಡದ ಕಡೆ ನಡೆಯುತ್ತೇನೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಪಟ್ಟಿ ಕಟ್ಟಿ, ನಾಡಿ ಓದೋ ಹಸಿರು ಲೈಟು ಹೊರಗೆ ಇಣುಕದ ಹಾಗೆ ಒಂದು ತೂತು ಬಿಗಿ ಮಾಡಿ, ಒಂದು ಲೋಟ ನೀರು ಕುಡಿದು ಹೊರಡೋದು. ಡಿಸೆಂಬರಿನಲ್ಲಿ ನನ್ನ ನಡಿಗೆಗೆ ನಾಡಿ 118, ಸ್ಕೋರು 36. ಎದೆ ಉಬ್ಬಿಸಿಕೊಂಡು ಓಡಾಡಿದೆ.

ಏಪ್ರಿಲ್ ಬಂತು ನೋಡಿ. ಕೆಲಸದಿಂದಾಗಿ ನಡಿಗೆ ಸಂಜೆಗೆ ಹೋಯಿತು. ಅದೇ ರಸ್ತೆ, ಅದೇ ವೇಗ, ನಾಡಿ ಮಾತ್ರ 136. ಸ್ಕೋರು ಇಳಿದು ಇಳಿದು 32. ನನಗೆ ಏನೋ ಆಗಿದೆ ಅಂತ ಹೆದರಿ ಡಾಕ್ಟರ ಹತ್ತಿರ ಹೋದೆ. ಅವರು ನಕ್ಕು, "ಹೊರಗೆ 40 ಡಿಗ್ರಿ ಐತಿ, ಹೃದಯ ಸುಮ್ನಿರ್ತದೇನ್ರಿ?" ಅಂದರು.

ವಿಷಯ ಇಷ್ಟೇ. ದೇಹ ಬಳಸೋ ಆಮ್ಲಜನಕವನ್ನು ವಾಚು ಅಳೆಯೋದೇ ಇಲ್ಲ. ಅದನ್ನು ನಿಜವಾಗಿ ಅಳೆಯಬೇಕಾದರೆ ಲ್ಯಾಬಿನಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಓಡಿಸಬೇಕು. ಇದು ನಾಡಿ ಎಣಿಸಿ, ಜಿಪಿಎಸ್‌ನಿಂದ ವೇಗ ತಗೊಂಡು, ಅಂದಾಜು ಕಟ್ಟುತ್ತದೆ. ಬಿಸಿಲಿಗೆ ಮೈ ತಂಪು ಮಾಡೋಕೆ ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿ ನೀರು ಕಮ್ಮಿಯಾಗುತ್ತದೆ, ಆಗ ಹೃದಯ ಜಾಸ್ತಿ ಬಡಿದುಕೊಳ್ಳುತ್ತದೆ. ಆಮ್ಲಜನಕದ ಖರ್ಚು ಅಷ್ಟೇನೂ ಏರಿರೋದಿಲ್ಲ, ಆದರೂ ವಾಚು ನನಗೆ ದಮ್ಮಿಲ್ಲ ಅಂತ ತೀರ್ಪು ಕೊಟ್ಟುಬಿಡುತ್ತದೆ! ಇದನ್ನು ಬಾಕ್ಸಿನ ಮೇಲೆ ಒಂದು ಸಾಲು ಬರೆದಿದ್ದರೆ ಡಾಕ್ಟರ ಫೀಸು ಉಳೀತಿತ್ತು ಅಲ್ವಾ? ಬಿಪಿಗೆ ಬೀಟಾ ಬ್ಲಾಕರ್ ಗುಳಿಗೆ ತಗೊಳ್ಳೋರಿಗೆ ಇದರ ಉಲ್ಟಾ. ಗುಳಿಗೆ ಬಡಿತವನ್ನೇ ತಗ್ಗಿಸುತ್ತದೆ, ಲೆಕ್ಕವೂ ಕೆಡುತ್ತದೆ.

ಈ ಬೇಸಿಗೆಗೆ ಸಿಟ್ಟು ಸ್ವಲ್ಪ ಇಳಿದಿದೆ. ಮತ್ತೆ ಬೆಳಗಿನ ನಡಿಗೆ ಹಿಡಿದೆ. ಬೆಳಗಿನದನ್ನು ಬೆಳಗಿನದಕ್ಕೇ, ಚಳಿಯದನ್ನು ಚಳಿಗೇ ಹೋಲಿಸುತ್ತೇನೆ. ಹಾಗೆ ನೋಡಿದರೆ ವಾಚು ಗೆಳೆಯನ ಹಾಗಿದೆ. ಏದುಸಿರು ಬಂದು ಮಾತು ತುಂಡಾದರೆ ವಾಚು ಏನೇ ಹೇಳಲಿ ನಿಲ್ಲುತ್ತೇನೆ.

ಮೊನ್ನೆ ಹೆಂಡತಿ ಕೈಗೆ ಕಟ್ಟಿದೆ, ಸುಮ್ನೆ. ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕನೇ ರೊಟ್ಟಿಗೆ 121! ನನ್ನ ಡಿಸೆಂಬರಿನ ವಾಕಿಂಗಿಗಿಂತ ಜಾಸ್ತಿ. ಕೈಯಿಂದ ಮಾಡೋ ಕೆಲಸಕ್ಕೆ, ಅಷ್ಟೇ ಆಮ್ಲಜನಕ ಖರ್ಚಾದರೂ, ಕಾಲಿನ ಕೆಲಸಕ್ಕಿಂತ ಹೃದಯ ಜೋರಾಗಿ ಬಡಿಯುತ್ತದೆ, ಮೇಲೆ ಹಂಚಿನ ಝಳ ಬೇರೆ, ಕೈ ಅಲುಗಾಡಿದರೆ ವಾಚಿನ ಎಣಿಕೆಯೂ ತಪ್ಪಬಹುದು ಅಂತ ನಾನು ವಿವರಿಸೋಕೆ ಹೋದೆ. "ಅಂದ್ರ ನಂದು ಕೆಲಸ ಅಲ್ಲ ಅಂತೀರೇನು?" ಅಂದಳು. ಬಾಯಿ ಮುಚ್ಚಿಕೊಂಡೆ.

ಮೂರು ಸ್ಟಾರ್. ಪಟ್ಟಿಯ ತೂತುಗಳಲ್ಲಿ ಜೋಳದ ಹಿಟ್ಟು ಕೂತಿದೆ, ಹಳೇ ಹಲ್ಲುಜ್ಜೋ ಬ್ರಷ್‌ನಿಂದ ತಿಕ್ಕಿದರೂ ಪೂರ್ತಿ ಹೋಗಿಲ್ಲ.