ಇಂಗ್ಲಿಷ್ ಕಿವಿಗೆ ಹತ್ತಬೇಕಾದರೆ: ಸಿನಿಮಾನಾ, ಸೀರಿಯಲ್ಲಾ, ಹಂದಿಮರಿ ಕಾರ್ಟೂನಾ, ಕ್ರಿಕೆಟ್ಟಾ?

ದಾವಣಗೆರೆ ವಿದ್ಯಾನಗರದ ನಮ್ಮ ಮನೆ ಹಾಲ್‌ನಲ್ಲಿ ಸಂಜೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ಎಂಟು ಮಕ್ಕಳು. ಎಲ್ಲರೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಪಿಯುಸಿ ಸೈನ್ಸ್. ಪ್ಯಾಸಿವ್ ವಾಯ್ಸ್ ಕೇಳಿ, ಪಟಪಟ ಮಾಡಿಕೊಡುತ್ತಾರೆ. ಆದರೆ ಕಾಲೇಜಿನಲ್ಲಿ ಲೆಕ್ಚರರ್ ಸ್ವಲ್ಪ ಸ್ಪೀಡಾಗಿ ಮಾತಾಡಿದರೆ ಮುಗೀತು. ಹರಿಹರದಿಂದ ದಿನಾ ಬಸ್ಸಿಗೆ ಬರುವ ಹುಡುಗಿ ಒಂದಿನ ಹೇಳಿದಳು: "ಮಿಸ್, ಓದಿದರೆ ತಿಳಿಯುತ್ತೆ, ಕೇಳಿದರೆ ತಿಳಿಯಲ್ಲ."

ಇದಕ್ಕೆ ಎಲ್ಲರೂ ಕೊಡುವ ಮದ್ದು ಒಂದೇ, ಇಂಗ್ಲಿಷ್ ಸಿನಿಮಾ ನೋಡಿ ಅಂತ. ಸರಿ, ನೋಡೇಬಿಡೋಣ ಅಂದುಕೊಂಡು ಜೂನ್‌ನಿಂದ ದೀಪಾವಳಿವರೆಗೆ ಒಂದೊಂದಾಗಿ ಐದು ಥರ ಮಾಡಿ ನೋಡಿದೆ. ಏನು ಕೆಲಸಕ್ಕೆ ಬಂತು, ಏನು ಬರಲಿಲ್ಲ ಅಂತ ಬರೆಯುತ್ತಿದ್ದೇನೆ.

ಮೊದಲು ಸಿನಿಮಾ. ಮಕ್ಕಳ ಜೊತೆ ಕೂತು ನೋಡಲು ಮುಜುಗರ ಇರಬಾರದು ಅಂತ ಫೈಂಡಿಂಗ್ ನೀಮೋ ಹಾಕಿದೆ. 2003ರದ್ದು, 100 ನಿಮಿಷ. ನಿಲ್ಲಿಸಿ ನಿಲ್ಲಿಸಿ ತೋರಿಸಿದರೆ ನಾಲ್ಕು ಸಂಜೆ ಬೇಕಾಯಿತು. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇತ್ತು. ಎಲ್ಲರಿಗೂ ಖುಷಿ, ಎಲ್ಲರಿಗೂ ಅರ್ಥ. ನನಗೂ ಖುಷಿ. ಮೂರನೇ ದಿನ ಯಾಕೋ ಅನುಮಾನ ಬಂದು ಹತ್ತು ನಿಮಿಷ ಸೌಂಡ್ ಪೂರ್ತಿ ತೆಗೆದುಬಿಟ್ಟೆ. ಆಮೇಲೆ ಕಥೆ ಹೇಳಿ ಅಂದರೆ ಹಿಂದಿನ ದಿನದಷ್ಟೇ ಚೆನ್ನಾಗಿ ಹೇಳಿದರು! ಅಂದರೆ ಇಷ್ಟು ದಿನ ಕೆಲಸ ಮಾಡಿದ್ದು ಕಣ್ಣು, ಕಿವಿ ಸುಮ್ನೆ ಜೊತೆಗೆ ಕೂತಿತ್ತು ಅಷ್ಟೇ. ಹಳೇ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಟಿವಿಯ ಕೆಳಭಾಗಕ್ಕೆ ಟೇಪ್ ಹಾಕಿ ಅಂಟಿಸಿದೆ. ಸಬ್‌ಟೈಟಲ್ ಮರೆಯಾಯಿತು, ಎಂಟೂ ತಲೆ ಒಟ್ಟಿಗೆ ಮುಂದೆ ಬಾಗಿದವು. ಆದರೂ ಮೀನು ಓಡುವಾಗ, ಮ್ಯೂಸಿಕ್ ಜೋರಾದಾಗ ಮಾತೇ ಇರಲ್ಲ. 100 ನಿಮಿಷದಲ್ಲಿ ಕಿವಿಗೆ ಸಿಕ್ಕಿದ್ದು ಕಡಿಮೆ.

ಅವತ್ತಿನಿಂದ ಏನೇ ತೋರಿಸುವ ಮುಂಚೆಯೂ ನಾನೇ ಒಂದು ಸಲ ಸೌಂಡ್ ತೆಗೆದು ನೋಡುತ್ತೇನೆ. ಸೌಂಡ್ ಇಲ್ಲದೆ ಎಲ್ಲಾ ಅರ್ಥವಾದರೆ ಅದು ಪಾಠಕ್ಕೆ ಬೇಡ, ಮಜಕ್ಕೆ ಇರಲಿ.

ಈ ಪರೀಕ್ಷೆಯಲ್ಲಿ ಪಾಸಾಗಿದ್ದು ಅಮೆರಿಕದ ಸೀರಿಯಲ್, ಫ್ರೆಂಡ್ಸ್. ಒಂದು ಎಪಿಸೋಡ್ ಸುಮಾರು 22 ನಿಮಿಷ, 1994ರಿಂದ 2004ರವರೆಗೆ ಹತ್ತು ಸೀಸನ್, 236 ಎಪಿಸೋಡ್. ಸರಕಿಗೇನೂ ಬರ ಇಲ್ಲ. ಸೌಂಡ್ ತೆಗೆದರೆ ಸೋಫಾ ಮೇಲೆ ಕೂತ ಆರು ಜನ ಕಾಣುತ್ತಾರೆ, ಬೇರೇನೂ ತಿಳಿಯಲ್ಲ. ತೊಂದರೆ ಏನಂದ್ರೆ, ಸೌಂಡ್ ಇದ್ದರೂ ನಮ್ಮ ಮಕ್ಕಳಿಗೆ ಏನೂ ತಿಳಿಯಲಿಲ್ಲ. ಟಿವಿಯಲ್ಲಿ ಜನ ನಕ್ಕಾಗ ಇವರೂ ನಗುತ್ತಿದ್ದರು, ಅರ್ಧ ಸೆಕೆಂಡ್ ತಡವಾಗಿ. ಜೊತೆಗೆ ಕೆಲವು ಜೋಕ್ ಬಂದಾಗ ನಾನು ರಿಮೋಟ್‌ಗೆ ತಡಕಾಡಿದ್ದು ಬೇರೆ ಕಥೆ, ಬಿಡಿ.

ಆದರೆ ತೊಡಕು ಎಲ್ಲಿದೆ ಅಂತ ನನಗೆ ಗೊತ್ತಾಗಿದ್ದು ಅಲ್ಲೇ. "ಮಿಸ್, ಪಿಕಿಟಪ್ ಅಂದ್ರೇನು? ಡಿಕ್ಷನರಿಯಲ್ಲಿ ಇಲ್ಲ" ಅಂದಳು ಹರಿಹರದ ಹುಡುಗಿ. ಪಿಕ್, ಇಟ್, ಅಪ್. ಮೂರೂ ಅವಳಿಗೆ ಒಂದನೇ ಕ್ಲಾಸಿನಿಂದ ಗೊತ್ತಿರುವ ಪದಗಳೇ! ನಾವೂ ಹಾಗೇ ಅಲ್ವಾ? "ಏನು ಮಾಡುತ್ತಾ ಇದ್ದೀಯ" ಅಂತ ಯಾರು ಬಿಡಿಸಿ ಹೇಳುತ್ತಾರೆ, "ಏನ್ಮಾಡ್ತಿದೀಯ" ಅನ್ನುತ್ತೇವೆ. ಹೊಸದಾಗಿ ಕನ್ನಡ ಕಲಿತವರು ಅದನ್ನು ಯಾವ ಡಿಕ್ಷನರಿಯಲ್ಲಿ ಹುಡುಕಬೇಕು?

ಕ್ಯಾನ್, ಕ್ಯಾಂಟ್ ಎರಡೂ ಇನ್ನೊಂದು ಗುಂಡಿ. ಅಮೆರಿಕದವರು ಕ್ಯಾಂಟ್ ಅನ್ನುವಾಗ ಕೊನೆಯ ಟ್ ನುಂಗುತ್ತಾರೆ, ಹಾಗಾಗಿ ಮಕ್ಕಳಿಗೆ ಅದು ಕ್ಯಾನ್ ಅಂತಲೇ ಕೇಳುತ್ತೆ. ಎಂಟು ಜನರಲ್ಲಿ ಆರು ಜನ ಉಲ್ಟಾ ಬರೆದಿದ್ದರು. ಆಗುತ್ತೆ ಅನ್ನುವ ಕ್ಯಾನ್ ವಾಕ್ಯದ ನಡುವೆ ಕುಗ್ಗಿ ಬರೀ "ಕ್ನ್" ಆಗಿಬಿಡುತ್ತೆ. ಆ್ಯ ಸ್ವರ ಗಟ್ಟಿಯಾಗಿ ಕೇಳಿದರೆ ಅದು ಹೆಚ್ಚಾಗಿ ಕ್ಯಾಂಟ್. ಟ್ ಹುಡುಕಬೇಡಿ, ಸ್ವರ ಕೇಳಿ ಅಂತ ಹೇಳಿದ ಮೇಲೆ ತಪ್ಪು ಕಡಿಮೆಯಾಯಿತು.

ಮೂರನೆಯದು ಕಲಿಯುವವರಿಗೇ ಅಂತ ಮಾಡಿದ ಕಾರ್ಯಕ್ರಮ. ಬಿಬಿಸಿಯ ಸಿಕ್ಸ್ ಮಿನಿಟ್ ಇಂಗ್ಲಿಷ್ ಹಾಕಿದೆ. ಇಬ್ಬರು ಒಂದು ವಿಷಯ ಮಾತಾಡುತ್ತಾರೆ, ಆರು ಪದ ಕಲಿಸುತ್ತಾರೆ, ಅಷ್ಟೂ ಮಾತು ಬರಹದಲ್ಲೂ ಸಿಗುತ್ತೆ. ಅಮೆರಿಕದ ವಿಒಎ ರೇಡಿಯೋ (ವಾಯ್ಸ್ ಆಫ್ ಅಮೆರಿಕಾ) 1959ರಲ್ಲಿ ಶುರು ಮಾಡಿದ ಸ್ಪೆಷಲ್ ಇಂಗ್ಲಿಷ್ ಇನ್ನೂ ಸುಲಭ, ಸುಮಾರು 1500 ಪದಗಳಲ್ಲೇ, ನಿಧಾನವಾಗಿ ಸುದ್ದಿ ಓದುವ ಶೈಲಿ. ಎರಡೂ ಒಳ್ಳೆಯವು, ಎರಡಕ್ಕೂ ಮಕ್ಕಳು ಆಕಳಿಸಿದರು. ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆ ಹೊಡೆದು ಬಂದ ಹುಡುಗನೊಬ್ಬ ನಾಲ್ಕನೇ ನಿಮಿಷಕ್ಕೆ ಗೋಡೆಗೆ ಒರಗಿದ. ನಿಧಾನದ ಇಂಗ್ಲಿಷಿನಲ್ಲಿ ಪಿಕಿಟಪ್ ಕೂಡ ಬರಲ್ಲ, ಪಿಕ್ ಇಟ್ ಅಪ್ ಅಂತ ಬಿಡಿಬಿಡಿಯಾಗಿ ಬರುತ್ತೆ. ಧೈರ್ಯಕ್ಕೆ ಒಳ್ಳೆಯದು, ಅಭ್ಯಾಸಕ್ಕೆ ಸಾಲದು.

ಈಗ ನಾಚಿಕೆ ಬಿಟ್ಟು ಹೇಳುತ್ತೇನೆ. ನಮ್ಮಲ್ಲಿ ಗೆದ್ದಿದ್ದು ಪೆಪ್ಪಾ ಪಿಗ್. ಹೌದು, ಎಲ್‌ಕೆಜಿ ಮಕ್ಕಳು ನೋಡುವ ಬ್ರಿಟಿಷ್ ಹಂದಿಮರಿ ಕಾರ್ಟೂನ್. ಒಂದು ಎಪಿಸೋಡ್ ಐದೇ ನಿಮಿಷ. ಚಿಕ್ಕ ವಾಕ್ಯಗಳು, ಆದರೆ ಬಿಡಿಸಿ ಓದಿದ ಹಾಗಿಲ್ಲ, ಮನೆಯವರು ಮಾತಾಡಿಕೊಂಡ ಹಾಗಿವೆ. ಕಥೆ ಹೇಳುವವನು ಹೇಳಿದ್ದನ್ನೇ ಪಾತ್ರಗಳು ಸ್ವಲ್ಪ ಬೇರೆ ಥರ ಮತ್ತೆ ಹೇಳುತ್ತವೆ. ಸೌಂಡ್ ತೆಗೆದರೆ ಅರ್ಧ ತಿಳಿಯುತ್ತೆ, ಉಳಿದರ್ಧಕ್ಕೆ ಕಿವಿ ಬೇಕೇ ಬೇಕು. ಪಿಯುಸಿ ಹುಡುಗರು ಮೊದಲು ಮುಖ ಸಿಂಡರಿಸಿದರು, "ಮಿಸ್, ನಾವೇನು ಚಿಕ್ಕ ಮಕ್ಕಳಾ?" ಸರಿ, ಮೂವತ್ತು ಸೆಕೆಂಡ್ ಹಾಕುತ್ತೇನೆ, ಕೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಡಿ ಅಂದೆ. ಒಬ್ಬರದ್ದೂ ಪೂರ್ತಿ ಸರಿ ಇರಲಿಲ್ಲ! ಆಮೇಲೆ ಹಂದಿಮರಿ ಬಗ್ಗೆ ಯಾರೂ ನಗಲಿಲ್ಲ.

ಆ ನೋಟ್‌ಬುಕ್ಕುಗಳನ್ನು ನೋಡಬೇಕಿತ್ತು ನೀವು. ದೊಡ್ಡ ಪದಗಳೆಲ್ಲ ಸರಿ, ಬಿಟ್ಟುಹೋಗಿದ್ದು ಟು, ಆಫ್, ದ, ಇಸ್. ನಾವು ಕನ್ನಡದಲ್ಲಿ ಅಕ್ಷರ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷಿನವರು ಮುಖ್ಯ ಪದಕ್ಕೆ ಒತ್ತು ಕೊಟ್ಟು ಉಳಿದದ್ದನ್ನು ಅಗಿದು ನುಂಗುತ್ತಾರೆ. ಬಿಟ್ಟ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಸಿ ಮತ್ತೆ ಕೇಳಿಸಿದೆ. ಯೂಟ್ಯೂಬ್‌ನಲ್ಲಿ ಪರದೆಯ ಎಡಕ್ಕೆ ಎರಡು ಸಲ ತಟ್ಟಿದರೆ ಹತ್ತು ಸೆಕೆಂಡ್ ಹಿಂದೆ ಹೋಗುತ್ತೆ, ಒಂದೇ ಸಂಜೆ ಅದನ್ನು ಎಷ್ಟು ಸಲ ತಟ್ಟಿದೆವೋ ಲೆಕ್ಕ ಇಲ್ಲ. ಮೊದಲು ಬರಹ ಇಲ್ಲದೆ, ಆಮೇಲೆ ನಿಲ್ಲಿಸಿ ಬರೆದುಕೊಂಡು, ಆಮೇಲೆ ಬರಹ ಹಾಕಿ ತಪ್ಪು ನೋಡಿ, ಕೊನೆಗೆ ಮತ್ತೆ ಬರಹ ಇಲ್ಲದೆ. ಸ್ಪೀಡ್ 0.75ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ, ಕುಡಿದವರು ಮಾತಾಡಿದ ಹಾಗಿರುತ್ತೆ.

ಕ್ರಿಕೆಟ್ ಸೇರಿಸಿದ್ದು ಮಕ್ಕಳ ಹಟಕ್ಕೆ. ವಿನಯ್ ಕುಮಾರ್ ಊರು ಇದು. ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸಾಲಾಗಿ ಎರಡು ಸಲ ರಣಜಿ ಗೆದ್ದಿತ್ತು. ಇಲ್ಲಿ ಕ್ರಿಕೆಟ್ ಬೇಡ ಅಂದರೆ ಟ್ಯೂಷನ್‌ಗೇ ಬರಲ್ಲ. ಕಾಮೆಂಟರಿ ನನ್ನ ಪರೀಕ್ಷೆಯಲ್ಲಿ ಫೇಲ್, ಔಟಾಗಿದ್ದು ಕಣ್ಣಿಗೇ ಕಾಣುತ್ತಲ್ಲ. ಆದರೆ ಮ್ಯಾಚ್ ಮುಗಿದ ಮೇಲೆ ಕ್ಯಾಪ್ಟನ್ ಮೈಕ್ ಮುಂದೆ ನಿಂತು ಆಡುವ ಎರಡು ಮೂರು ನಿಮಿಷದ ಮಾತಿದೆಯಲ್ಲ, ಅದು ಚಿನ್ನ. ಬರೆದುಕೊಂಡು ಓದಿದ್ದಲ್ಲ, ಯೋಚಿಸುತ್ತಾ ತಡವರಿಸುತ್ತಾ ಆಡಿದ್ದು. ಪಿಚ್, ಟಾಸ್, ಮಂಜು, ಮುಂದಿನ ಮ್ಯಾಚ್ ಅಂತ ವಿಷಯ ಮೊದಲೇ ಗೊತ್ತಿರುವುದರಿಂದ ಅರ್ಧ ಊಹಿಸಬಹುದು. ಉಚ್ಚಾರವೂ ಥರಾವರಿ, ನ್ಯೂಜಿಲೆಂಡಿನವರು ಬ್ಯಾಟ್ ಅಂದರೆ ಬೆಟ್ ಅಂದ ಹಾಗೆ ಕೇಳುತ್ತೆ. ಕೊರತೆ ಅಂದರೆ, ಎಲ್ಲರೂ ತಿರುಗಿಸಿ ಮುರುಗಿಸಿ ಅದೇ ಐವತ್ತು ಪದ ಆಡುತ್ತಾರೆ. ಕ್ರಿಕೆಟ್ ಅಂದರೆ ಆಗದ ಒಬ್ಬ ಹುಡುಗನಿಗೆ ಇದು ಬರೀ ಶಿಕ್ಷೆ.

ಐಇಎಲ್‌ಟಿಎಸ್ (ಹೊರದೇಶಕ್ಕೆ ಓದಲು ಹೋಗುವವರು ಕೊಡುವ ಇಂಗ್ಲಿಷ್ ಪರೀಕ್ಷೆ) ಬರೆಯುವವರಿಗೆ ಒಂದು ಮಾತು. ಅಲ್ಲಿ ಲಿಸನಿಂಗ್‌ನಲ್ಲಿ 40 ಪ್ರಶ್ನೆ, ಸುಮಾರು 30 ನಿಮಿಷ, ಆಡಿಯೋ ಒಂದೇ ಸಲ. ಹಿಂದೆ ತಟ್ಟಿ ಕೇಳುವ ಚಟ ಪರೀಕ್ಷೆಗೆ ಎರಡು ತಿಂಗಳ ಮುಂಚೆಯೇ ಬಿಡಿ.

ಈಗ ವಾರದಲ್ಲಿ ಮೂರು ದಿನ ಹಂದಿಮರಿ, ಒಂದು ದಿನ ಕ್ಯಾಪ್ಟನ್ ಮಾತು, ಒಂದು ದಿನ ಆರು ನಿಮಿಷದ ಬಿಬಿಸಿ. ತಿಂಗಳಿಗೊಂದು ಸಿನಿಮಾ, ಮಂಡಕ್ಕಿ ಮಿರ್ಚಿ ಜೊತೆ, ನೋಟ್‌ಬುಕ್ ಇಲ್ಲದೆ. ಫ್ರೆಂಡ್ಸ್ ಮುಂದಿನ ವರ್ಷಕ್ಕೆ ಎತ್ತಿಟ್ಟಿದ್ದೇನೆ. ರಟ್ಟು ಮಾತ್ರ ಟಿವಿ ಮೇಲೇ ಉಳಿದಿದೆ, ಮೊನ್ನೆ ನಮ್ಮತ್ತೆ ತಮ್ಮ ಸೀರಿಯಲ್ ಹಾಕಿ, "ಇದೇನವ್ವಾ, ಎಲ್ಲರನ್ನೂ ಸೊಂಟದಿಂದ ಕೆಳಗೆ ಕತ್ತರಿಸಿದ್ದೀಯ" ಅಂದರು.