ಒಂದು ಸ್ವಿಚ್‌ಗೆ ಎರಡು ಪ್ಲೇನ್ ಅಂದರು: ಇಪಿಪಿ ಎಕ್ಸ್‌ಟ್ರಾ 300, ಎರಡು ಮಳೆಗಾಲ ಕಂಡ ಮೇಲೆ

ರಿಮೋಟಿನಲ್ಲಿ ಹಾರಿಸುವ ಈ ಮಾಡೆಲ್ ಪ್ಲೇನ್ ಬರುವ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ: ರಿಮೋಟಿನ ಸ್ವಿಚ್ ಆ ಕಡೆಗೆ ಹಾಕಿದರೆ ಪ್ರಿಸಿಷನ್, ಈ ಕಡೆಗೆ ಹಾಕಿದರೆ ಫ್ರೀಸ್ಟೈಲ್. ಈ ಪ್ಲೇನ್‌ನಲ್ಲಿ ನನಗೆ ಅತಿ ಹೆಚ್ಚು ತಲೆನೋವು ಕೊಟ್ಟಿದ್ದು ಆ ಸಾಲೇ. ಮೋಟರ್, ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸರ್ಕಿಟ್), ತೂಕ ಎಲ್ಲ ಮಾರುವವರ ಪುಟದಲ್ಲಿದೆ, ನೋಡಿರುತ್ತೀರಿ. ರೆಕ್ಕೆ 48 ಇಂಚು. ಫೋಮ್ ಇಪಿಪಿ, ಅಂದರೆ ನೆಲಕ್ಕೆ ಬಡಿದರೂ ಬಾಗಿ ವಾಪಸ್ ಬರುತ್ತದೆ. ನನ್ನಂಥ ಸಂಬಳದವನಿಗೆ ಬಾಲ್ಸಾ ಮರದ ಪ್ಲೇನ್ ಆಗಿಬರಲ್ಲ. ಅದು ಒಂದು ಸಲ ಮೂಗು ಕುತ್ತಿದರೆ ಆ ತಿಂಗಳ ಲೆಕ್ಕವೆಲ್ಲ ಏರುಪೇರು.

ಮೊದಲು ಫ್ರೀಸ್ಟೈಲ್, ಅಂದರೆ ಮನಬಂದ ಹಾಗೆ ಕಸರತ್ತು. ಇದರಲ್ಲಿ ಡಬ್ಬದ ಮಾತು ಸುಳ್ಳಲ್ಲ. ಹೈ ರೇಟ್‌ನಲ್ಲಿ (ಕಡ್ಡಿಗೆ ಜಾಸ್ತಿ ತಿರುಗುವ ಸೆಟ್ಟಿಂಗ್) ಎಲಿವೇಟರ್, ಅಂದರೆ ಮೂಗು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ, ಹತ್ತಿರ ಹತ್ತಿರ 45 ಡಿಗ್ರಿ ತಿರುಗುತ್ತದೆ. ಮೂಗು ಮೇಲೆತ್ತಿಕೊಂಡೇ ನಿಧಾನಕ್ಕೆ ಹಾರುವ ಹ್ಯಾರಿಯರ್‌ನಲ್ಲಿ ನಡೆದುಕೊಂಡು ಬರುವ ವೇಗಕ್ಕೆ ಇಳಿಸಬಹುದು. ಇನ್ನಷ್ಟು ಎತ್ತಿದರೆ ಪ್ರೊಪೆಲ್ಲರ್‌ಗೆ ನೇತುಬಿದ್ದ ಹಾಗೆ ನಿಂತುಬಿಡುತ್ತದೆ, ಅದೇ ಹೋವರ್. ಒಂದು ವಿಷಯ ಮಾತ್ರ ಗೊತ್ತಿರಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಬೇರೆ ಊರಿನವರ ವಿಡಿಯೋದಲ್ಲಿ ಅರ್ಧ ಥ್ರಾಟಲ್‌ಗೆ ಹೋವರ್ ಆಗುವುದನ್ನು ನೋಡಿ ಹಾಗೇ ಇಲ್ಲಿ ಆಗುತ್ತದೆ ಅಂದುಕೊಳ್ಳಬೇಡಿ. ಇಲ್ಲಿ ಥ್ರಾಟಲ್ ಕಡ್ಡಿ ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ, ಬ್ಯಾಟರಿಯೂ ಅಷ್ಟು ಬೇಗ ಮುಗಿಯುತ್ತದೆ.

ಈಗ ಪ್ರಿಸಿಷನ್. ಇಲ್ಲೇ ಜಗಳ.

ಪ್ರಿಸಿಷನ್ ಅಂದರೆ ಎಫ್‌3ಎ (ಮಾಡೆಲ್ ಪ್ಲೇನ್ ಕಸರತ್ತಿನ ಅಂತರರಾಷ್ಟ್ರೀಯ ಸ್ಪರ್ಧೆ) ಮಾದರಿ. ಪ್ಲೇನ್ ನಮ್ಮಿಂದ ಸುಮಾರು 150 ಮೀಟರ್ ದೂರದಲ್ಲಿ, ಗೆರೆ ಎಳೆದ ಹಾಗೆ ಹೋಗಬೇಕು. ಲೂಪ್ ದುಂಡಗಿರಬೇಕು, ಶುರುವಾದ ಎತ್ತರದಲ್ಲೇ ಮುಗಿಯಬೇಕು. ಪ್ರತಿ ಕಸರತ್ತಿಗೂ 10 ಅಂಕ. 15 ಡಿಗ್ರಿ ಅಡ್ಡ ಹೋದರೆ ಒಂದು ಅಂಕ ಕಟ್, ಅದು ಅಲ್ಲಿನ ಲೆಕ್ಕ. ನನಗೇನು ಯಾರೂ ಅಂಕ ಹಾಕಲ್ಲ, ಆದರೂ ನೇರ ಗೆರೆ ನೇರವಾಗಿ ಬರಬೇಕು ಅಲ್ವಾ? ಲೋ ರೇಟ್‌ಗೆ (ಕಡಿಮೆ ತಿರುಗುವ ಸೆಟ್ಟಿಂಗ್) ಹಾಕಿ ಲೂಪ್ ಮುಗಿಸಿ ಎಲಿವೇಟರ್ ಕಡ್ಡಿ ಬಿಟ್ಟರೆ ಪ್ಲೇನ್ ಮೆಲ್ಲಗೆ ಮೇಲೇರುತ್ತಿತ್ತು. ಸರಿ, ಕಡ್ಡಿ ಬಿಟ್ಟಾಗ ಎಲಿವೇಟರ್ ಎಲ್ಲಿ ನಿಲ್ಲಬೇಕು ಅಂತ ಹೊಂದಿಸುವ ಟ್ರಿಮ್ ಎರಡು ಕ್ಲಿಕ್ ಕೆಳಗೆ. ಮುಂದಿನ ಸಲ ಕಡ್ಡಿ ಮುಂದಕ್ಕೆ ಒತ್ತಿ ಬಿಟ್ಟಾಗ ಕೆಳಗಿಳಿಯುತ್ತಿತ್ತು. ಮತ್ತೆ ಎರಡು ಕ್ಲಿಕ್ ಮೇಲೆ. ಹೀಗೇ ಬೆಳಗೆಲ್ಲಾ ಕ್ಲಿಕ್ ಕ್ಲಿಕ್.

ಕಾರಣ ಸರ್ವೋ, ಅಂದರೆ ಎಲಿವೇಟರ್ ತಿರುಗಿಸುವ ಪುಟ್ಟ ಮೋಟರ್, ಅದರ ತೋಳಿನಲ್ಲಿದೆ. 45 ಡಿಗ್ರಿ ತಿರುಗಲಿ ಅಂತ ಕಂಪನಿಯವರು ಪುಶ್‌ರಾಡ್ (ಸರ್ವೋ ಮತ್ತು ಎಲಿವೇಟರ್ ನಡುವಿನ ಸರಳು) ಅನ್ನು ತೋಳಿನ ಕೊನೇ ತೂತಿಗೆ ಹಾಕಿ ಕಳಿಸುತ್ತಾರೆ. ಸರ್ವೋ ಒಳಗಿನ ಗೇರ್‌ನಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. ತೋಳು ಉದ್ದವಾದಷ್ಟೂ ಆ ಸಡಿಲ ಎಲಿವೇಟರ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ. ನಮ್ಮದರಲ್ಲಿ ಎಲಿವೇಟರ್ ಅಂಚನ್ನು ಬೆರಳಲ್ಲಿ ತಟ್ಟಿದರೆ ಒಂದೂವರೆ ಮಿ.ಮೀ. ಆಡುತ್ತಿತ್ತು. ಸ್ವಿಚ್ ಹಾಕಿದರೆ ಆಗುವುದು ಇಷ್ಟೇ: ಸರ್ವೋ ಕಡಿಮೆ ತಿರುಗುತ್ತದೆ. ಸಡಿಲ ಇದ್ದಷ್ಟೇ ಇರುತ್ತದೆ. ಫ್ರೀಸ್ಟೈಲ್‌ನಲ್ಲಿ ಕೈ ಒಂದು ಕ್ಷಣವೂ ಸುಮ್ಮನಿರಲ್ಲ, ಆದ್ದರಿಂದ ಇದು ಗೊತ್ತೇ ಆಗಲ್ಲ. ಕೈ ಬಿಟ್ಟು ನೋಡಿದಾಗಲೇ ಬಣ್ಣ ಬಯಲು.

ಮಾರಿದವರಿಗೆ ಕೇಳಿದರೆ 'ಸರ್, ಎಕ್ಸ್‌ಪೋ ಜಾಸ್ತಿ ಮಾಡಿ' ಅಂದರು. ಎಕ್ಸ್‌ಪೋ ಅಂದರೆ ಕಡ್ಡಿ ನಡುವಲ್ಲಿ ಸ್ವಲ್ಪ ಅಲುಗಿದಾಗ ಪ್ಲೇನ್ ಮೆತ್ತಗೆ ಸ್ಪಂದಿಸುವ ರಿಮೋಟ್ ಸೆಟ್ಟಿಂಗ್. ಅದಕ್ಕೂ ಇದಕ್ಕೂ ಏನು ಸಂಬಂಧ? ಸಡಿಲಾದ ಗೇರ್ ಎಕ್ಸ್‌ಪೋ ಹಾಕಿದರೆ ಬಿಗಿಯಾಗುತ್ತಾ?

ಕೊನೆಗೆ ಪುಶ್‌ರಾಡ್ ಬಿಚ್ಚಿ ಸರ್ವೋ ತೋಳಿನ ಒಳಗಿನ ತೂತಿಗೆ ಹಾಕಿದೆ. ಎಲಿವೇಟರ್ ಸರ್ವೋ ಒಂದನ್ನು ಮೆಟಲ್ ಗೇರ್ ಡಿಜಿಟಲ್‌ಗೆ ಬದಲಾಯಿಸಿದೆ. ಎಲ್ಲ ಸರ್ವೋ ಬದಲಿಸಲು ದುಡ್ಡಿರಲಿಲ್ಲ, ಬೇಕಾಗಲೂ ಇಲ್ಲ. ತಿರುಗುವುದು 20 ಡಿಗ್ರಿ ಚಿಲ್ಲರೆಗೆ ಇಳಿಯಿತು. ಹ್ಯಾರಿಯರ್ ಈಗ ಹಿಂದಿನಷ್ಟು ನಿಧಾನ ಬರಲ್ಲ.

ಆದರೆ ಹೀಗೆ ಬದಲಾಯಿಸಿ ಹಾರಿಸಿದ ಭಾನುವಾರದಿಂದ ಈ ಪ್ಲೇನ್ ಮೇಲಿನ ಸಿಟ್ಟು ಇಳಿಯುತ್ತಾ ಬಂತು.

ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ. ಸುತ್ತ ಇಷ್ಟು ವಿಮಾನ ನಿಲ್ದಾಣ ಇರುವ ಊರಲ್ಲಿ ಮನೆ ಹತ್ತಿರ ಹಾರಿಸುವ ಮಾತೇ ಇಲ್ಲ. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಂಡು, ತುಮಕೂರು ರಸ್ತೆ ಕಡೆ ಇನ್ನೂ ಸೈಟು ಮಾರಾಟವಾಗದ ಒಂದು ಲೇಔಟ್‌ಗೆ ಹೋಗುತ್ತೇನೆ, ಮಾಲೀಕರಿಗೆ ಹೇಳಿಯೇ. ರಾತ್ರಿ ಬ್ಯಾಟರಿ ಚಾರ್ಜ್, ಪಕ್ಕದಲ್ಲೇ ಕೂತು. ಬೆಳಗ್ಗೆ ರೆಕ್ಕೆ ಪೈಪ್ ತೂರಿಸಿ ಸ್ಕ್ರೂ ಬಿಗಿ. ಎರಡು ಬೆರಳ ಮೇಲೆ ಎತ್ತಿ ಬ್ಯಾಲೆನ್ಸ್ ನೋಡುವುದು, ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಮುಂದಕ್ಕೆ ತಳ್ಳುವುದು. ಎಲಿವೇಟರ್ ಅಂಚಿಗೆ ಬೆರಳು ತಟ್ಟುವುದು ಈಗ ಚಟ. ಆಡದಿದ್ದರೆ ಖುಷಿ. ವಾಚ್‌ಮನ್ ಅಣ್ಣ ಬಂದು 'ಸಾರ್, ಇವತ್ತು ನಿಲ್ಲಿಸಲ್ವಾ ಅದನ್ನ?' ಅನ್ನುತ್ತಾರೆ. ಅವರಿಗೆ ಹೋವರ್ ಬಿಟ್ಟು ಉಳಿದದ್ದೆಲ್ಲ ಟೈಮ್ ವೇಸ್ಟ್. ಅವರಿಗೋಸ್ಕರ ಒಂದು ಹೋವರ್.

ಆಮೇಲೆ ನನಗೋಸ್ಕರ ಫೋರ್ ಪಾಯಿಂಟ್ ರೋಲ್. ಕಾಲು ಸುತ್ತು, ನಿಲುಗಡೆ. ಪ್ಲೇನ್ ಮಗ್ಗುಲಾಗಿರುವಾಗ ರಡ್ಡರ್ (ಬಾಲದ ನೆಟ್ಟಗಿನ ಪಟ್ಟಿ) ಮೇಲಕ್ಕೆ ಹಿಡಿಯಬೇಕು. ಮತ್ತೆ ಕಾಲು ಸುತ್ತು, ತಲೆಕೆಳಗು, ಈಗ ಕಡ್ಡಿ ತುಸು ಮುಂದಕ್ಕೆ. ಇನ್ನೊಂದು ಮಗ್ಗುಲು, ರಡ್ಡರ್ ಈಗ ಎದುರು ಕಡೆಗೆ. ಕೊನೆಯ ಕಾಲು ಸುತ್ತು ಮುಗಿದಾಗ ಮೂಗು ಹೊರಟ ದಿಕ್ಕಲ್ಲೇ ಇದ್ದರೆ ಒಬ್ಬನೇ ನಿಂತು ನಗುತ್ತೇನೆ. ಎರಡು ಮೀಟರ್‌ನ ನಿಜವಾದ ಎಫ್‌3ಎ ಪ್ಲೇನ್‌ಗಳ ಎತ್ತರದ ಹೊಟ್ಟೆ ಇದಕ್ಕಿಲ್ಲ. ಮಗ್ಗುಲಾಗಿ ಹೋಗುವಾಗ ರಡ್ಡರ್ ಜಾಸ್ತಿ ಕೇಳುತ್ತದೆ, ಸ್ವಲ್ಪ ಚಕ್ರದ ಕಡೆಗೂ ಎಳೆಯುತ್ತದೆ. ರಿಮೋಟಿನಲ್ಲಿ, ರಡ್ಡರ್ ಹಿಡಿದಾಗ ಎಲಿವೇಟರ್ ಕೂಡ ಚೂರು ತಿರುಗುವ ಹಾಗೆ ಮಿಕ್ಸ್ ಹಾಕಿದರೆ ಸರಿಹೋಗುತ್ತದೆ. ಎಂಟೂವರೆ ದಾಟಿ ಗಾಳಿ ಎದ್ದ ಮೇಲೆ ಇದೆಲ್ಲ ಬೇಡ. ಆಷಾಢದಲ್ಲಂತೂ ಪ್ಲೇನ್ ಕಾರಿನಲ್ಲೇ ಇರಲಿ.

ಹೋವರ್, ಹ್ಯಾರಿಯರ್ ಮಾತ್ರ ಸಾಕು ಅನ್ನುವವರು ಕಣ್ಣುಮುಚ್ಚಿ ತೆಗೆದುಕೊಳ್ಳಿ, ಏನೂ ಮುಟ್ಟಬೇಡಿ. ನೇರ ಗೆರೆಯ ಹುಚ್ಚಿದ್ದರೆ ಒಳ್ಳೆಯ ಸರ್ವೋ ಒಂದರ ದುಡ್ಡನ್ನು ಬೆಲೆಗೆ ಸೇರಿಸಿಕೊಂಡೇ ಲೆಕ್ಕ ಹಾಕಿ. ಐದಕ್ಕೆ ನಾಲ್ಕು ಕೊಡುತ್ತಿದ್ದೆ. ಕ್ಯಾನಪಿ (ಮೇಲಿನ ಮುಚ್ಚಳ) ಮ್ಯಾಗ್ನೆಟ್ ಕಿತ್ತುಬಂದು, ಬಿಡಿಭಾಗ ಸ್ಟಾಕ್ ಇಲ್ಲ ಅನ್ನಿಸಿಕೊಂಡು, ಈಗಲೂ ಸೆಲೋಟೇಪ್ ಹಚ್ಚಿಯೇ ಹಾರಿಸುತ್ತಿದ್ದೇನೆ. ಮೂರೂವರೆ.