ಮಗಳ ಹೊಟ್ಟೆ ಕಟ್ಟಿದಾಗ: ಹರಳೆಣ್ಣೆ, ಸಿರಪ್, ಸಪೋಸಿಟರಿ, ಪುಡಿ ಎಲ್ಲ ನೋಡಿಯಾಯಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪುಡಿಗೆ. ಪೊಟ್ಟಣದ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ 3350 ಅಂತ ಇರುತ್ತದೆ. ಡಾಕ್ಟರುಗಳು ಪೆಗ್ ಅನ್ನುತ್ತಾರೆ. ನಮ್ಮನೆಯಲ್ಲಿ ಅದು ಬರೀ ಪುಡಿ. ಅಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ಏಳು ತಿಂಗಳು ಕಳೆದಿತ್ತು. ಪುಡಿ ಸಿಕ್ಕ ಮೇಲೂ ಒಂದು ಸಲ ಸರಿಯಾಗಿ ಎಡವಿದೆ, ಅದನ್ನು ಮುಂದೆ ಹೇಳುತ್ತೇನೆ.

ಮಗಳಿಗೆ ಆಗ ಎರಡೂವರೆ ವರ್ಷ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ, ಊರು ಮದ್ದೂರಿನ ಹತ್ತಿರ. ವಾರಕ್ಕೆ ಎರಡು ಸಲ ಕಕ್ಕ ಆದರೆ ಹೆಚ್ಚು, ಅದೂ ಕುರಿ ಹಿಕ್ಕೆ ತರ. ಬಾಗಿಲ ಹಿಂದೆ ಹೋಗಿ, ತುದಿಗಾಲಲ್ಲಿ ನಿಂತು, ಕಾಲು ಕತ್ತರಿ ಹಾಕಿಕೊಂಡು ಮುಖ ಕೆಂಪಗೆ ಮಾಡುತ್ತಿದ್ದಳು. ಪಾಪ ತಿಣುಕುತ್ತಿದ್ದಾಳೆ ಅಂತ ನಾವು ಬೆನ್ನು ಸವರುತ್ತಿದ್ದೆವು. ಮಕ್ಕಳ ಡಾಕ್ಟರು ಮೊಬೈಲಿನಲ್ಲಿ ಆ ವಿಡಿಯೋ ನೋಡಿ ನಕ್ಕರು. ಅವಳು ತಳ್ಳುತ್ತಿಲ್ಲ, ಬರದ ಹಾಗೆ ಹಿಡಿದುಕೊಳ್ಳುತ್ತಿದ್ದಾಳೆ ಅಂದರು. ಒಂದು ಸಲ ನೋವಾಗಿದೆ, ಇನ್ನೊಂದು ಸಲ ಆಗುತ್ತದೆ ಅನ್ನೋ ಭಯ. ಹಿಡಿದಷ್ಟೂ ಕರುಳು ನೀರು ಹೀರಿಕೊಂಡು ಇನ್ನೂ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ನೋವು ಜಾಸ್ತಿ. ಅಲ್ಲಿಂದ ಮುಂದೆ ಯಾವ ಔಷಧಿ ನೋಡಿದರೂ ನನಗೆ ಒಂದೇ ಪ್ರಶ್ನೆ: ಇದರಿಂದ ಅವಳ ಭಯ ಕಮ್ಮಿ ಆಗುತ್ತದಾ, ಜಾಸ್ತಿ ಆಗುತ್ತದಾ?

ಆ ಲೆಕ್ಕದಲ್ಲಿ ಅವ್ವನ ಔಷಧಿಗಳು ಮೊದಲೇ ಸೋತವು. ‘ಅಯ್ಯೋ, ಒಂದ್ ಚಮಚ ಹಳ್ಳೆಣ್ಣೆ ಕುಡ್ಸು ಬುಡ್ಲಾ, ನಿಂಗೂ ಅದ್ನೇ ಕುಡ್ಸಿದ್ದು’ ಅಂದರು. ಕುಡಿಸಿದ್ದು ನಿಜ, ನನಗೆ ಇನ್ನೂ ನೆನಪಿದೆ, ಅದಕ್ಕೇ ಬೇಡ ಅಂದೆ. ಹರಳೆಣ್ಣೆ ಕರುಳನ್ನು ಕೆರಳಿಸಿ ಹೊಟ್ಟೆ ನುಲಿಸುತ್ತದೆ, ಚಿಕ್ಕ ಮಕ್ಕಳಿಗೆ ಬೇಡವೇ ಬೇಡ ಅಂತ ಡಾಕ್ಟರೂ ಹೇಳಿದರು. ವೀಳ್ಯದೆಲೆ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಹಿಂದೆ, ಗುದದೊಳಗೆ ಇಡುವುದು ಅವ್ವನ ಎರಡನೇ ಅಸ್ತ್ರ. ಮೈಸೂರು ವೀಳ್ಯದೆಲೆಗೆ ಆ ಊರಿನದೇ ಅನ್ನೋ ಜಿಐ ಗುರುತು ಬಂದಿರುವುದು ಖಂಡಿತ ಈ ಕೆಲಸಕ್ಕಲ್ಲ. ಸೋಪಿನ ಚೂರು ಇಡುವವರೂ ಇದ್ದಾರೆ. ಅಲ್ಲಿನ ಚರ್ಮ ಎಷ್ಟು ಮೆದು ಅಂತ ಒಂದು ಕ್ಷಣ ಯೋಚಿಸಿದರೆ ಸಾಕು, ಯಾರೂ ಇಡುವುದಿಲ್ಲ. ಗ್ರೈಪ್ ವಾಟರ್ ಇದಕ್ಕೆ ಏನೂ ಮಾಡಲಿಲ್ಲ.

ಕಪ್ಪು ಒಣದ್ರಾಕ್ಷಿ ಮಾತ್ರ ಒಳ್ಳೆಯದೇ. ದೇವರಾಜ ಮಾರುಕಟ್ಟೆಯಿಂದ ತಂದು, ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಆ ನೀರು ಕೊಡುತ್ತಿದ್ದೆವು. ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೆತ್ತಗಿರುವುದನ್ನು ಮೆತ್ತಗೇ ಇಡೋಕೆ ಅದು ಸಾಕು, ಕಲ್ಲಾಗಿರುವುದನ್ನು ಕರಗಿಸೋಕೆ ಸಾಲದು.

ಲ್ಯಾಕ್ಟುಲೋಸ್ ಸಿರಪ್ ಡಾಕ್ಟರು ಮೊದಲು ಬರೆದುಕೊಟ್ಟ ಔಷಧಿ. ಅದೊಂದು ತರ ಸಕ್ಕರೆ, ಮೈಗೆ ಸೇರುವುದಿಲ್ಲ, ಕರುಳಿನಲ್ಲೇ ಉಳಿದು ನೀರು ಎಳೆದುಕೊಳ್ಳುತ್ತದೆ. ಕೆಲಸ ಶುರುವಾಗೋಕೆ ಒಂದೆರಡು ದಿನ ಬೇಕು, ಇವತ್ತು ಕೊಟ್ಟು ಇವತ್ತೇ ಕಾಯಬಾರದು. ಸಿಹಿ, ಹಾಗಾಗಿ ಮಗಳು ಬಾಟಲಿ ನೋಡಿದರೆ ಬಾಯಿ ತೆರೆಯುತ್ತಿದ್ದಳು. ತೊಂದರೆ ಗ್ಯಾಸ್‌ದು. ಕರುಳಿನ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಹುಳಿಸುತ್ತವೆ, ರಾತ್ರಿ ಎರಡು ಗಂಟೆಗೆ ಹೊಟ್ಟೆ ಉಬ್ಬಿ ಅಳು. ಜೊತೆಗೆ ಇರುವೆ. ಬಾಟಲಿ ಎಷ್ಟು ಒರೆಸಿದರೂ ಅಂಟಂಟು, ಕೊನೆಗೆ ಒಂದು ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಇಟ್ಟಿದ್ದೆವು. ಗ್ಯಾಸ್ ಆಗದ ಮಕ್ಕಳಿಗೆ ಇದು ಸಾಕಾಗಬಹುದು, ನನ್ನ ತಂಗಿಯ ಮಗನಿಗೆ ಸಾಕಾಯಿತು.

ಗ್ಲಿಸರಿನ್ ಸಪೋಸಿಟರಿ, ಅಂದರೆ ಹಿಂದಿನಿಂದ ಇಡುವ ಮಾತ್ರೆ. ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ವೇಗದಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಏಪ್ರಿಲ್ ಸೆಕೆಗೆ ಮೆತ್ತಗಾಗುತ್ತದೆ, ಫ್ರಿಜ್ಜಿನ ಬಾಗಿಲಲ್ಲಿ ಇಡಿ. ಐದು ದಿನ ಆಗದೆ ಮಗು ಒದ್ದಾಡುವಾಗ ಎರಡು ಸಲ ಉಪಯೋಗಿಸಿದೆವು, ಎರಡು ಸಲವೂ ಕೈ ಹಿಡಿಯಿತು. ಆದರೆ ಒಬ್ಬರು ಹಿಡಿದುಕೊಳ್ಳಬೇಕು, ಒಬ್ಬರು ಇಡಬೇಕು, ಅವಳು ಕಿರುಚಬೇಕು. ಆಮೇಲೆ ನಾನು ಫ್ರಿಜ್ಜಿನ ಬಾಗಿಲು ತೆರೆದರೆ ಸಾಕು, ಮೊಸರಿಗೆ ಅಂತ ತೆರೆದರೂ ಸರಿ, ಓಡಿ ಮಂಚದ ಕೆಳಗೆ. ಭಯದ ಲೆಕ್ಕದಲ್ಲಿ ಸೊನ್ನೆ ಅಂಕ.

ಇನ್ನು ಪುಡಿ. ಇದೂ ಕರುಳಿನಲ್ಲಿ ನೀರು ಹಿಡಿದಿಡುತ್ತದೆ, ಆದರೆ ಹುಳಿಯುವುದಿಲ್ಲ, ಹಾಗಾಗಿ ಗ್ಯಾಸ್ ಕಮ್ಮಿ. ನೀರಿಗೆ ಹಾಕಿ ಕದಡಿದರೆ ಬಣ್ಣವಿಲ್ಲ, ವಾಸನೆ ಇಲ್ಲ, ರುಚಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹಳದಿ ಲೋಟದಲ್ಲಿ ಕೊಟ್ಟರೆ ಔಷಧಿ ಅಂತಲೇ ಗೊತ್ತಾಗದೆ ಕುಡಿಯುತ್ತಿದ್ದಳು. ಪೊಟ್ಟಣದಲ್ಲಿ 17 ಗ್ರಾಂ ಇರುತ್ತದೆ, ಅದು ದೊಡ್ಡವರ ಅಳತೆ. ಮಗುವಿನ ತೂಕ ನೋಡಿ ಎಷ್ಟು ಅಂತ ಡಾಕ್ಟರೇ ಹೇಳಬೇಕು. ಎರಡನೇ ವಾರಕ್ಕೆ ದಿನಾ ಒಂದು ಸಲ, ಮೆತ್ತಗೆ, ಅಳು ಇಲ್ಲ.

ಎಡವಿದ್ದು ಇಲ್ಲಿ. ಹಬ್ಬಕ್ಕೆ ಊರಿಗೆ ಹೋದಾಗ ಪುಡಿ ಮುಗಿದಿತ್ತು. ಚೀಟಿ ಮೈಸೂರಿನಲ್ಲೇ ಬಿಟ್ಟು ಬಂದಿದ್ದೆ. ಒಂದು ಮೆಡಿಕಲ್ ಸ್ಟೋರಿಗೆ ಹೋಗಿ ‘ಪೆಗ್ ಪುಡಿ ಕೊಡಿ’ ಅಂದೆ. ಅಂಗಡಿಯವರು ದೊಡ್ಡ ಪ್ಯಾಕೆಟ್ ಒಂದು ಕೊಟ್ಟರು. ಪೆಗ್ ಅಂತಲೇ ಬರೆದಿತ್ತು. ಪರವಾಗಿಲ್ಲ, ದೊಡ್ಡದು ತಗೊಂಡರೆ ಅಗ್ಗ ಬೀಳುತ್ತದೆ ಅಂತ ಖುಷಿಯಾಗಿ ತಂದೆ. ಅದೇ ಚಮಚ, ಅದೇ ಹಳದಿ ಲೋಟ. ಒಂದು ಗುಟುಕು ಕುಡಿದವಳೇ ಅವ್ವನ ಸೀರೆ ಮೇಲೆ ಉಗುಳಿದಳು. ನಾನು ನೆಕ್ಕಿ ನೋಡಿದೆ. ಉಪ್ಪು, ಮೇಲೊಂದು ತರ ಕಿತ್ತಳೆ ವಾಸನೆ.

ಆಮೇಲೆ ಕನ್ನಡಕ ಹಾಕಿಕೊಂಡು ಓದಿದೆ. ಸೋಡಿಯಂ, ಪೊಟ್ಯಾಸಿಯಂ, ಏನೇನೋ ಲವಣ ಸೇರಿಸಿದ ಪೆಗ್ ಅದು. ಕೊಲೊನೋಸ್ಕೋಪಿಗೆ, ಅಂದರೆ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆಗೆ ಮೊದಲು ದೊಡ್ಡವರ ಇಡೀ ಹೊಟ್ಟೆ ತೊಳೆಯೋಕೆ ಲೀಟರುಗಟ್ಟಲೆ ನೀರಿಗೆ ಬೆರೆಸಿ ಕುಡಿಸುವಂಥದ್ದು! ಕೈಕಾಲು ತಣ್ಣಗಾಯಿತು. ಡಾಕ್ಟರಿಗೆ ಫೋನ್ ಮಾಡಿದೆ. ಒಂದು ಗುಟುಕಿಗೆ ಏನೂ ಆಗಲ್ಲ, ಎತ್ತಿ ಬಿಸಾಕಿ, ಬರೀ ಪೆಗ್ 3350 ಮಾತ್ರ ಇರೋದನ್ನು ಓದಿ ತಗೊಳ್ಳಿ ಅಂದರು. ಅಂಗಡಿಯವರ ಮೇಲೆ ಸಿಟ್ಟು ಬಂತು, ಆದರೆ ಚೀಟಿ ಇಲ್ಲದೆ ಹೋದವನು ನಾನೇ ಅಲ್ವಾ.

ದುಡ್ಡು ಹೋಗಿದ್ದು ದೊಡ್ಡದಲ್ಲ. ಹಳದಿ ಲೋಟ ಹೋಯಿತು. ಅದರಲ್ಲಿ ಬರೀ ನೀರು ಕೊಟ್ಟರೂ ತುಟಿ ಬಿಗಿ. ಆರು ದಿನ ಯಾವ ಲೋಟದಲ್ಲೂ ಪುಡಿ ಇಳಿಯಲಿಲ್ಲ, ಮತ್ತೆ ಬಾಗಿಲ ಹಿಂದೆ ತುದಿಗಾಲು, ಮತ್ತೆ ಹಿಕ್ಕೆ, ಒಂದು ದಿನ ಅದರ ಮೇಲೆ ರಕ್ತದ ಗೆರೆ. ಚರ್ಮ ಸೀಳಿದೆ ಅಂದರು ಡಾಕ್ಟರು. ಎರಡು ತಿಂಗಳ ಕೆಲಸ ಒಂದು ಗುಟುಕಿನಲ್ಲಿ ವಾಪಸ್. ಕೊನೆಗೆ ತಿಳಿ ದಾಳಿಂಬೆ ರಸದಲ್ಲಿ ಕದಡಿ, ಸ್ಟ್ರಾ ಹಾಕಿ, ನಾನೇ ಮೊದಲು ಕುಡಿದು ತೋರಿಸಿ ದಾರಿಗೆ ತಂದೆವು.

ಯಾವ ಔಷಧಿ ಕೊಟ್ಟರೂ ಹಾಲು ಇಳಿಸದೆ ಪ್ರಯೋಜನ ಇರಲಿಲ್ಲ. ದಿನಕ್ಕೆ ಮುಕ್ಕಾಲು ಲೀಟರಿನ ಮೇಲೆ ಕುಡಿಯುತ್ತಿದ್ದಳು, ಊಟಕ್ಕೆ ಹೊಟ್ಟೆಯಲ್ಲಿ ಜಾಗವೇ ಇಲ್ಲ. 400 ಮಿಲಿಗೆ ಇಳಿಸಿದೆವು. ಮಂಡ್ಯದವರಿಗೆ ಮಗುವಿಗೆ ಹಾಲು ಕಮ್ಮಿ ಮಾಡಿ ಅನ್ನೋದು ಬೆಲ್ಲ ಬಿಡಿ ಅಂದಂಗೆ, ಅವ್ವ ಎರಡು ದಿನ ಮಾತು ಬಿಟ್ಟರು. ಊಟ ಆದ ಮೇಲೆ ಐದು ನಿಮಿಷ ಪಾಟಿ, ಅಂದರೆ ಮಕ್ಕಳ ಕಕ್ಕಸು ಕುರ್ಚಿ ಮೇಲೆ ಕೂರಿಸುವುದು, ಕಾಲು ನೆಲಕ್ಕೆ ಸರಿಯಾಗಿ ಊರುವ ಹಾಗೆ. ಪಪ್ಪಾಯ, ಸೊಪ್ಪಿನ ಸಾರು, ನೀರು. ಅಷ್ಟೇ.

ಎದೆಹಾಲು ಕುಡಿಯುವ ಪುಟ್ಟ ಕೂಸಿಗೆ ಈ ಹೋಲಿಕೆ ಅನ್ವಯಿಸಬೇಡಿ. ತಂಗಿಯ ಮೂರು ತಿಂಗಳ ಮಗು ಆರು ದಿನ ಕಕ್ಕ ಮಾಡಿರಲಿಲ್ಲ, ಬಂದಾಗ ಮೆತ್ತಗೆ ಬಂತು, ಅದು ಮಾಮೂಲು. ಆರು ತಿಂಗಳ ಒಳಗೆ ದ್ರಾಕ್ಷಿ ನೀರೂ ಬೇಡ, ವರ್ಷದ ಒಳಗೆ ಜೇನು ಬೇಡವೇ ಬೇಡ. ಹುಟ್ಟಿದ ಎರಡು ದಿನದಲ್ಲಿ ಕಪ್ಪು ಮಲ ಹೋಗದಿದ್ದರೆ, ಹಸಿರು ವಾಂತಿ ಆದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ತೂಕ ಏರದಿದ್ದರೆ ಮನೆಯಲ್ಲಿ ಏನೂ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ನಡೆಯಿರಿ.

ನಾನು ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವವನು, ಇಬ್ಬರು ಸೇರಿ ಮಗು ಹಿಡಿಯೋಕೆ ಪುರುಸೊತ್ತಿಲ್ಲ. ಸಿರಪ್ಪಿಗಿಂತ ಪುಡಿಗೆ ತಿಂಗಳಿಗೆ ಸ್ವಲ್ಪ ಜಾಸ್ತಿಯೇ ಆಗುತ್ತದೆ, ಆದರೂ ರಾತ್ರಿ ನಿದ್ದೆ ಉಂಟು, ಇರುವೆ ಇಲ್ಲ. ಚೆನ್ನಾಗಾಯಿತು ಅಂತ ತಟ್ಟನೆ ನಿಲ್ಲಿಸಬಾರದು, ಹಿಗ್ಗಿದ ಕರುಳು ಮೊದಲಿನಂತಾಗೋಕೆ ತಿಂಗಳುಗಳೇ ಬೇಕು ಅಂದಿದ್ದಾರೆ. ಈಗ ಅರ್ಧ ಅಳತೆಗೆ ಇಳಿದಿದ್ದೇವೆ. ಮೊನ್ನೆ ಅವ್ವ ಫೋನಿನಲ್ಲಿ ಮೆಲ್ಲಗೆ, ‘ಆ ಪುಡಿ ನಂಗೂ ಆಯ್ತದಾ ಕೇಳ್ಲಾ’ ಅಂದರು.